ಕಲ್ಲುಜೇಡದ ಬಾಲ

ಕೂದಲೇ ಇರಬೇಕು, ತನ್ನದೇ ನರೆಗೂದಲು ಮಸೂರದಡಿ ಬಿದ್ದು ಆಟ ಆಡಿಸುತ್ತಿದೆ ಎಂದುಕೊಂಡು ಊದಿದಳು, ಅಲುಗಲಿಲ್ಲ, ಕುಂಚದಿಂದ ಸವರಿದಳು, ಊಹೂಂ — ಕಲ್ಲೊಳಗೇ ಇದೆ, ಪಳೆಯುಳಿಕೆಯ ಜೇಡದ ಹಿಂಬದಿಯಿಂದ ಹೊರಟ ಸಣ್ಣ ಬಾಲ, ಗೆಣ್ಣುಗೆಣ್ಣಾಗಿ, ಎಲಾ ಇದರ! ಜೇಡಕ್ಕೆಲ್ಲಿಯ ಬಾಲ, ಬಾಲವಿದ್ದರೆ ಇದು ಜೇಡವೇ ಅಲ್ಲ, ಜೇಡದ ದೂರದ ದಾಯಾದಿ, ಆದರೆ ಅವಳ ಮೇಷ್ಟ್ರು ಎಂದೋ ಇದಕ್ಕೆ ಹೆಂಡತಿಯ ಹೆಸರಿಗೆ ಜೇಡ ಅಂತ ಜೋಡಿಸಿ ಅಚ್ಚು ಹಾಕಿಸಿದ್ದಾರೆ, ಸದಾ ಉಣ್ಣೆ ಹೆಣೆಯುವ ಹೆಂಗಸು, ನಮ್ಮನೇಲಿ ನೂಲು ಬಿಡೋಳು ಇವಳೇ ತಾನೇ ಎಂದು ನಕ್ಕಿದ್ದರು, ಆಕೆಯೂ ಬಂದವರಿಗೆಲ್ಲ ನಾನು ಕಲ್ಲುಜೇಡ ಕಣ್ರೀ, ಹುಷಾರು ಅನ್ನುತ್ತಾರೆ, ಈಗ ಅವರಿಬ್ಬರ ಮುಂದೆ ಈ ಬಾಲ ಹಿಡಿದುಕೊಂಡು ಹೋಗುವುದು ಹೇಗೆ. ಹೆಸರೇನೋ ಉಳಿಯುತ್ತದೆ, ಅರ್ಥ ಸುಳ್ಳಾಯಿತೆಂದು ಅಚ್ಚಾದ ಹೆಸರನ್ನು ಬದಲಿಸುವಂತಿಲ್ಲ, ಅದು ಈ ಕಸುಬಿನ ಕಟ್ಟಳೆ, ಹಿಂದೆಯೂ ಹೀಗಾಗಿದೆ, ದೈತ್ಯ ಜೇಡ ಅಂತ ಹೆಸರಿಟ್ಟ ಪಳೆಯುಳಿಕೆ ಆಮೇಲೆ ನೀರುಚೇಳಿನ ಬಳಗ ಅಂತಾಯಿತು, ಯಾವುದೋ ಸೀಮೆಯವರು ಜೇಡವನ್ನು ವಿಷದ ತಲೆ ಅನ್ನುತ್ತಿದ್ದರಂತೆ, ಆ ಹೆಸರು ಪಡೆದ ಇನ್ನೊಂದು ಪಳೆಯುಳಿಕೆಯೂ ಜೇಡವಲ್ಲ, ಸಿಂಹ ಆಡು ಹಾವು ಕೂಡಿದ ಪುರಾಣಮೃಗದ ಹೆಸರು ಹೊತ್ತ ಮತ್ತೊಂದಕ್ಕೆ ನೂಲೂ ಇತ್ತು ಬಾಲವೂ ಇತ್ತು, ಎಷ್ಟು ಚೆಂದ — ಛೆ, ಖುಷಿಪಡುವ ಹೊತ್ತೇ ಇದು. ಹಾಗಾದರೆ ಮೇಷ್ಟ್ರ ತುಂಡಿನಲ್ಲಿ ಬಾಲ ಯಾಕಿಲ್ಲ, ಕಲ್ಲು ಸೀಳಿದರೆ ಎರಡು ಹೋಳು, ಅವರದು ಇಲ್ಲೇ ಇತ್ತು, ಇದು ಇನ್ನೊಂದು, ಬೇರೆ ಸಂಗ್ರಹಾಲಯದಿಂದ ಈಗಷ್ಟೇ ಬಂದದ್ದು, ಎರಡನ್ನೂ ಪಕ್ಕಪಕ್ಕ ಇಟ್ಟಳು, ಅವರದರಲ್ಲಿ ಬಾಲವಿರಬೇಕಾದಲ್ಲಿ ಕಲ್ಲು ಕೆರೆಯುವ ಸೂಜಿಯ ಗೀರು. ಅಯ್ಯೋ ದೇವರೇ, ಬೇರಿನ ಎಳೆ ಎಂದು ಕೆರೆದುಬಿಟ್ಟಿದ್ದಾರೆ, ಜೇಡಕ್ಕೆ ಬಾಲ ಇರಲ್ಲ ಅಂತ, ಕೆರೆಯೋ ಮೊದಲು ಇದ್ಯಾಕಿಲ್ಲಿದೆ ಅಂತ ಕೇಳ್ಕೋ ಕಣಮ್ಮಾ ಎಂದು ಅವಳಿಗೆ ಸೂಜಿ ಹಿಡಿಯಲು ಕಲಿಸಿದವರೇ!

ಏನಮ್ಮಾ, ಬಂತಂತೆ ಇನ್ನೊಂದು ಹೋಳು, ತೋರಿಸು ತೋರಿಸು, ನಮ್ಮವಳೂ ಕೇಳ್ತಿದ್ಳು — ಬಾಗಿಲಲ್ಲಿ ಮೇಷ್ಟ್ರು, ನಿವೃತ್ತರಾದರೂ ಬರುವುದು ಬಿಟ್ಟವರಲ್ಲ. ದೀಪ ಕೆಟ್ಟಿದೆ ಸರ್ ಅನ್ನಲೇ, ನಾಳೆ ಬನ್ನಿ ಅನ್ನಲೇ, ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಅವರು ಕನ್ನಡಕ ಹಣೆಗೇರಿಸಿ ಎರಡೂ ಹೋಳುಗಳ ಮೇಲೆ ಬಗ್ಗಿದರು, ಬಗ್ಗಿದವರು ಏಳಲಿಲ್ಲ. ನಾನು ಕೆರೆದುಬಿಟ್ಟೆ, ಅಲ್ವಾ. ಹೂಂ ಸರ್. ಪಾಪ, ನಮ್ಮವಳಿಗೆ ನಾನೇ ಹೇಳ್ತೀನಿ. ಆಮೇಲೆ ಒಡೆದ ದನಿಯಲ್ಲೇ, ಎಷ್ಟು ಗೆಣ್ಣಿದೆ ಇದಕ್ಕೆ, ಎಣಿಸಿದ್ಯಾ? ಇಲ್ಲ ಸರ್. ಎಣಿಸ್ಬೇಕಲ್ವೇನೇ, ಬರ್ಕೋ — ಅವರು ಎಣಿಸುತ್ತಿದ್ದಾರೆ, ಅವಳಿಗೆ ಪೆನ್ನು ಸಿಗುತ್ತಿಲ್ಲ, ಕಣ್ಣು ಮಂಜಾಗಿದೆ, ಮೇಜಿನ ಮೇಲೆ ಅವರ ಬಲಗೈ ತನ್ನಷ್ಟಕ್ಕೆ ಸೂಜಿ ಹಿಡಿದ ಹಾಗೆ ಮಡಚಿಕೊಂಡಿದೆ, ಅದರಾಚೆ ಬೆಳಕಿನಲ್ಲಿ ಬಾಲ, ಗೆಣ್ಣುಗೆಣ್ಣಾಗಿ, ಬಾಲ.