ಕೊಂಬೆ ಹಿಡಿದವರು

"ಎಳಿಯೋ ಬೋಳಿಮಗನೇ! ಕೆಂಪು ಬಂತು, ಕೆಂಪು! ಮೇಲೆ ಕೂತು ನಿದ್ದೆ ಹೊಡೀತಿದೀಯಾ?"

ಬಂಗಲೆಯ ಹೆಂಚಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮೇಸ್ತ್ರಿ ಕೂಗುತ್ತಿದ್ದ. ಅವನ ಪಕ್ಕದಲ್ಲಿ ಊಟದ ತಟ್ಟೆಯಷ್ಟಗಲದ ಬಿಳಿ ಡಿಶ್ಶು, ಅದರ ಬೆನ್ನಿಗೆ ಒಂದು ಪುಟ್ಟ ದೀಪ. ದೀಪ ಹಸಿರಿದ್ದರೆ ಎದುರು ಗುಡ್ಡದ ಟವರಿನಿಂದ ಇಂಟರ್‌ನೆಟ್ ಬರುತ್ತಿದೆ ಎಂದರ್ಥ. ಕೆಂಪಾದರೆ ನಮ್ಮ ಹೆತ್ತವ್ವಂದಿರಿಗೆ ಬೈಗುಳ ಶುರುವಾಯಿತು ಎಂದರ್ಥ.

ನಾನು ನಡುವಿನ ಮರದ ಮೇಲಿದ್ದೆ. ಕಾಂಡಕ್ಕೆ ಬೆನ್ನು ಕೊಟ್ಟು, ಎದುರಿನ ಕೊಂಬೆಗೆ ಬಿಗಿದ ಹಗ್ಗವನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಿದ್ದೆ. ಎಡಗಡೆಯ ಮರದಲ್ಲಿ ನಾವು 'ಉದ್ದ' ಎಂದು ಕರೆಯುವ ಎತ್ತರದ ಹುಡುಗ, ಬಲಗಡೆಯ ಮರದಲ್ಲಿ ಕೆಮ್ಮಿನ ಮಾವ. ಮೂವರೂ ಸೇರಿ ಆ ಮರಗಳ ತಲೆಗೆ ಬೈತಲೆ ತೆಗೆದ ಹಾಗೆ ಕೊಂಬೆಗಳನ್ನು ಅತ್ತಿತ್ತ ಸರಿಸಿ ಹಿಡಿಯಬೇಕು. ಆ ಸಂದಿಯಲ್ಲಿ ಧಣಿಯ ಮೀಟಿಂಗು ಹಾದುಹೋಗಬೇಕು.

ಇಂಜಿನಿಯರು ಬಂದು ಡಿಶ್ಶು ಕೂರಿಸಿದ್ದು ಎಲೆ ಉದುರುವ ಕಾಲದಲ್ಲಿ. ಮರಗಳು ಬೋಳಾಗಿದ್ದವು, ಟವರು ನೆಟ್ಟಗೆ ಕಣ್ಣಿಗೆ ಕಾಣುತ್ತಿತ್ತು. ಹೊಸ ಎಲೆ ಬಂದಾಗ ಆ ಯಂತ್ರ ತೊದಲಿತು. ಮಳೆ ಬಿದ್ದು ಎಲೆ ನೆನೆದ ದಿನ ಮೂಕವಾಯಿತು. ಮತ್ತೆ ಕರೆಸಿದರೆ ಇಂಜಿನಿಯರು, "ಎತ್ತರದ ಕಂಬ ಹಾಕಿ ಡಿಶ್ಶನ್ನ ಮರದ ಮೇಲಕ್ಕೆ ಏರಿಸಿ. ಇಲ್ಲಾ ಈ ಮೂರು ಮರ ಸವರಿಸಿ" ಎಂದ. ಕಂಬ ಹಾಕಿದರೆ ಬಂಗಲೆಯ ಅಂದ ಕೆಡುತ್ತದಂತೆ. ಮರವನ್ನಂತೂ ಮುಟ್ಟುವಂತಿಲ್ಲ. ಒಂದು ರೆಂಬೆಯನ್ನೂ ಕಡಿಯದ ತೋಟದ ಕಾಫಿ ಎಂದು ಹೇಳಿಯೇ ಧಣಿ ದೂರದ ಕಂಪನಿಗೆ ಮಾಲು ಮಾರುತ್ತಿದ್ದುದು.

"ಕೊಂಬೆ ಎಳೆದು ಕಟ್ಟಿದ್ರಾಯ್ತು ಧಣಿ" ಎಂದ ಮೇಸ್ತ್ರಿ.

ಕಟ್ಟಿದೆವು. ಗಾಳಿ ಬೀಸಿ ಒಂದು ಕೊಂಬೆ ಸೀಳಿತು. ಧಣಿ ಬರಿಗಾಲಲ್ಲಿ ಓಡಿಬಂದರು. ಸೀಳಿಗೆ ಔಷಧಿ ಬಳಿಸಿ, ಬಟ್ಟೆ ಸುತ್ತಿಸಿದರು. "ಕಟ್ಬೇಡ್ರೋ ಕಟುಕರಾ. ಗಾಳಿ ಬಂದ್ರೆ ಸಡಿಲ ಬಿಡ್ಬೇಕು, ಹೋದ್ರೆ ಎಳ್ಕೋಬೇಕು. ಕೈಯಲ್ಲೇ ಹಿಡೀರಿ. ಮರಕ್ಕೂ ಜೀವ ಇದೆ."

ಅಂದಿನಿಂದ ಮೀಟಿಂಗ್ ಇದ್ದಾಗಲೆಲ್ಲ ನಾವು ಮರದ ಮೇಲೆ.

ನಾನೀಗ ನಿಂತಿರುವ ಜಾಗ ನನ್ನ ತಂಗಿಯದು. ಹಗುರ ಮೈಯವಳು, ತುದಿಯವರೆಗೂ ಹೋಗುತ್ತಿದ್ದಳು. ಮೊನ್ನೆ ಮಳೆ ಸುರಿದು ನಿಂತಾಗ ಗಾಳಿ ಒಮ್ಮೆಲೇ ಬೀಸಿತು. ಕೆಳಗಿನಿಂದ ಮೇಸ್ತ್ರಿ, "ಬಿಟ್ರೆ ಚರ್ಮ ಸುಲೀತೀನಿ ಮುಂಡೆ" ಎಂದು ಕೂಗಿದ. ಅವಳು ಬಿಡಲಿಲ್ಲ. ಕೊಂಬೆ ಅವಳನ್ನೇ ಎಳೆದುಕೊಂಡು, ಕವಣೆಕಲ್ಲಿನ ಹಾಗೆ ಬೀಸಿ ಒಗೆಯಿತು. ಸೊಂಟ ಬಂಡೆಗೆ ಬಡಿಯಿತು.

ನಾನು ಧಣಿಯ ಮುಂದೆ ಹೋಗಿ ನಿಂತೆ. ತೋಟದಲ್ಲಿ ಇರುವುದು ಅವರದೊಂದೇ ಜೀಪು. ನಮ್ಮ ಕೂಲಿಮನೆಗಳಲ್ಲಿ ಫೋನು ಹಿಡಿದರೆ ಅದು ಟಾರ್ಚಿಗಿಂತ ಹೆಚ್ಚಿನ ಕೆಲಸಕ್ಕೆ ಬರುವುದಿಲ್ಲ.

"ಜೀಪ್ ಕೊಡಿ ಧಣಿ. ಆಸ್ಪತ್ರೆಗೆ ಸೇರಿಸ್ಬೇಕು. ಕಾಲಿಗೆ ಸೂಜಿ ಚುಚ್ಚಿದ್ರೂ ಅವಳಿಗೆ ಗೊತ್ತಾಗ್ತಿಲ್ಲ."

"ಹೇಗೆ ಬಿದ್ಲು ಅಂತ ಅಲ್ಲಿ ಕೇಳ್ತಾರಲ್ಲೋ. ಏನ್ ಹೇಳ್ತೀಯ?"

"ಕೊಂಬೆ ಹಿಡಿಯೋಕೆ ಹತ್ತಿ ಬಿದ್ಲು ಅಂತ."

"ಹಾಗಾದ್ರೆ ಕಂಪನಿಯವರ ಮೀಟಿಂಗ್ ಮುಗೀಲಿ. ಆಮೇಲೆ ನೋಡೋಣ."

ಮೇಸ್ತ್ರಿ ನನ್ನ ಕಿವಿಯ ಹತ್ತಿರ ಬಾಯಿ ತಂದ. "ಸೌದೆ ಕದಿಯೋಕೆ ಹತ್ತಿದ್ಲು ಅಂತ ಒಪ್ಕೊಳ್ರೋ. ಈಗ್ಲೇ ಜೀಪ್ ಹೊರಡುತ್ತೆ."

ಹೋಗಿ ತಂಗಿಗೆ ಹೇಳಿದೆ. ಮಂಚದಲ್ಲಿ ಅಂಗಾತ ಮಲಗಿದ್ದವಳು ಸೂರನ್ನು ನೋಡುತ್ತಲೇ ಅಂದಳು: "ಅವನ ಬಾಯಿಗೆ ನನ್ನ ಎಕ್ಕಡ ಹಾಕ. ಕಾಲು ಹೋಯ್ತು ಅಂತ ಕಳ್ಳಿ ಆಗ್ಲಾ ಅಣ್ಣಾ?"

ಇವತ್ತೇ ಆ ಮೀಟಿಂಗು. ಧಣಿ ವರಾಂಡದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದರು. ಕ್ಯಾಮೆರಾದ ಕಣ್ಣಿಗೆ ನಾವು ಬೀಳಬಾರದಲ್ಲ. ಕಂಪನಿಯ ಮೇಡಂ ದನಿ ಸ್ಪೀಕರಿನಲ್ಲಿ ಮರದ ತನಕ ಕೇಳುತ್ತಿತ್ತು. ಮರಗಳು ಎಷ್ಟು, ಹಕ್ಕಿಗಳು ಬರುತ್ತವೆಯೇ, ಎಲ್ಲ ಕೇಳಿ ಮುಗಿಸಿದಳು.

"ಕೆಲಸ ಮಾಡುವಾಗ ಯಾರಿಗಾದ್ರೂ ಪೆಟ್ಟಾಗಿದೆಯಾ ಸರ್?"

"ಛೆ ಛೆ, ಇಲ್ಲ ಮೇಡಂ. ಇವರೆಲ್ಲ ನಮ್ಮನೆ ಮಕ್ಕಳಿದ್ದ ಹಾಗೆ. ಒಬ್ಬರಿಗೆ ಮುಳ್ಳು ಚುಚ್ಚಿದ್ರೂ ನನ್ನ ಕರುಳು ಚುರುಕ್ ಅನ್ನುತ್ತೆ."

ಉದ್ದ ನನ್ನತ್ತ ನೋಡಿದ.

"ಕೇಳಿದ್ಯಾ ಅಣ್ಣಾ, ಆ ನಾಯಿಯ ಕರುಳಿನ ಕತೆ? ಬಿಟ್ಬಿಡೋಣ್ವಾ?"

"ಬಿಡು" ಎಂದೆ. "ಹಾಳಾಗಿ ಹೋಗ್ಲಿ."

ಕೈ ಸಡಿಲಿಸಿದೆ. ಕೊಂಬೆ ಮೊಳದಷ್ಟು ವಾಲಿತು. ಅಷ್ಟರಲ್ಲಿ ಕೆಮ್ಮಿನ ಮಾವ, "ಏ, ತಡಿರೋ! ಅಲ್ಲಿ ನೋಡಿ!" ಎಂದ.

ಧಣಿಯ ಬೆನ್ನ ಹಿಂದೆ ಅಡುಗೆಮನೆಯ ಬಾಗಿಲಿನಿಂದ ಮಂಚ ಬರುತ್ತಿತ್ತು. ಮುಂದಿನ ಕಾಲಿಗೆ ಹೆಗಲು ಕೊಟ್ಟವಳು ನನ್ನ ಹೆಂಡತಿ. ಉಳಿದ ಮೂವರೂ ಕಾಫಿ ಕೊಯ್ಯುವ ಹೆಂಗಸರು, ಸೊಂಟಕ್ಕೆ ಕಟ್ಟಿದ ಬುಟ್ಟಿ ಹಾಗೇ ಇತ್ತು. ಮಂಚದ ಮೇಲೆ ನನ್ನ ತಂಗಿ.

ನಾನು ಹಗ್ಗವನ್ನು ಎದೆಗೆ ಎಳೆದುಕೊಂಡೆ.

ಮಂಚ ಹೊತ್ತವರನ್ನು ಧಣಿ ಮೊದಲು ಕಂಡದ್ದು ಲ್ಯಾಪ್‌ಟಾಪಿನೊಳಗೇ ಇರಬೇಕು. ತಿರುಗಲಿಲ್ಲ. ಮುಖದ ನಗು ಹಾಗೇ ಹೆಪ್ಪುಗಟ್ಟಿತು.

"ಹಿಂದೆ ಯಾರು ಸರ್ ಅದು?" ಎಂದಿತು ಮೇಡಂ ದನಿ.

ಧಣಿ ತಾವೇ ಲ್ಯಾಪ್‌ಟಾಪ್ ಮುಚ್ಚಿದರೆ ಮುಚ್ಚಿದ್ದು ಮೇಡಂಗೆ ಗೊತ್ತಾಗುತ್ತದೆ. ಲೈನೇ ಹೋದರೆ ತಪ್ಪನ್ನು ಮರದ ಮೇಲೆ ಹಾಕಬಹುದು. ಧಣಿಯ ಕೈ ಮೇಜಿನ ಕೆಳಗೆ ಇಳಿಯಿತು. ಬಿಡಿ, ಬಿಡಿ ಎಂದು ಬೆರಳುಗಳು ನಮ್ಮತ್ತ ಸನ್ನೆ ಮಾಡಿದವು.

"ಬಿಡ್ರೋ!" ಹೆಂಚಿನ ಮೇಲಿಂದ ಮೇಸ್ತ್ರಿ. "ಸಾಕು, ಕೊಂಬೆ ಬಿಡ್ರೋ ಸೂಳೇಮಕ್ಕಳಾ!"

"ಮರಕ್ಕೆ ನೋವಾಗುತ್ತೆ ಮೇಸ್ತ್ರಿ!" ಎಂದ ಉದ್ದ.

ಮೇಸ್ತ್ರಿ ಏಣಿಯಿಂದ ಧಡಧಡ ಇಳಿದು, ದೊಣ್ಣೆ ಹಿಡಿದು ನನ್ನ ಮರ ಹತ್ತತೊಡಗಿದ. ಗಾಳಿ ಎದ್ದಿತ್ತು. ಹಗ್ಗ ಅಂಗೈಯ ಚರ್ಮ ತಿನ್ನುತ್ತಿತ್ತು. ಮೊದಲ ಏಟು ನನ್ನ ಹಿಮ್ಮಡಿಗೆ ಬಿತ್ತು. ಎರಡನೆಯದು ಮೀನಖಂಡಕ್ಕೆ.

ವರಾಂಡದಲ್ಲಿ ಮಂಚ ಇಳಿಸಿದರು. ನನ್ನ ಹೆಂಡತಿ ತಂಗಿಯ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕ್ಯಾಮೆರಾದತ್ತ ತಿರುಗಿಸಿದಳು. ತಂಗಿ ಬಾಯಿ ತೆರೆದಳು, ಲೈನು ಇದೆಯಾ ಎಂದು ಕೇಳುವ ಹಾಗೆ ಮೇಲೆ ನಮ್ಮತ್ತ ನೋಡಿದಳು.

ಹೆಂಚಿನ ಮೇಲೆ ಡಿಶ್ಶಿನ ದೀಪ ನೋಡಲು ಈಗ ಯಾರೂ ಇರಲಿಲ್ಲ. ನಾನು ಕತ್ತು ತಿರುಗಿಸಿ ನೋಡಿದೆ.

"ಹಸಿರಿದೆ ಕಣವ್ವಾ!" ಎಂದು ಕೂಗಿದೆ. "ಮಾತಾಡು!"