ನಡುಗುವುದನ್ನು ನಿಲ್ಲಿಸಿದ ಹರಳು

ನಾನು ಒಂದು ಕ್ವಾರ್ಟ್ಸ್ ಹರಳು. ಗರಗಸದಿಂದ ಸೀಳಿ, ಉಜ್ಜಿ, ಆಸಿಡ್ಡಿನಲ್ಲಿ ಅದ್ದಿ, ಹುಣಸೆಬೀಜದಷ್ಟಿರುವ ತಗಡಿನ ಡಬ್ಬಿಯೊಳಗೆ ನನ್ನನ್ನು ಕೂಡಿಹಾಕಿದರು. ನನ್ನ ಹುಟ್ಟು ಅಂದರೆ ಇಷ್ಟೇ. ಕರೆಂಟು ಮುಟ್ಟಿದರೆ ಸೆಕೆಂಡಿಗೆ ಎಂಬತ್ತು ಲಕ್ಷ ಸಲ ನಡುಗುವುದು ನನ್ನ ಕೆಲಸ. ಆ ನಡುಕದ ತಾಳಕ್ಕೇ ಮೈಕ್ರೋಕಂಟ್ರೋಲರ್ ಎಂಬ ಚಿಪ್ ಹೆಜ್ಜೆ ಹಾಕುತ್ತದೆ. ನಾನು ನಿಂತರೆ ಅದು ಇದ್ದಲ್ಲೇ ಕಲ್ಲು.

ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ, ತಗಡಿನಿಂದ ಡಬ್ಬಿಯ ಮುಚ್ಚಳ ಒತ್ತಿ ತೆಗೆಯುವ ಪ್ರೆಸ್ಸಿನ ಬೋರ್ಡಿಗೆ ನನ್ನನ್ನು ಬೆಸೆದರು. ಅದರ ಮುಂದೆ ಕೂರುತ್ತಿದ್ದವಳು ಕಸ್ತೂರೆವ್ವ. ಎರಡೂ ಕೈಯಿಂದ ಎರಡು ಗುಂಡಿ ಒತ್ತುವಳು, ಇಪ್ಪತ್ತು ಟನ್ನಿನ ಗುದ್ದು ಬೀಳುವುದು. ಅದು ಮೇಲೇರಿದ ಮೇಲೆ ಕೈಹಾಕಿ ಮುಚ್ಚಳ ತೆಗೆಯುವಳು. ಪ್ರತಿ ಗುದ್ದೂ ನನ್ನ ಮೈಗೂ ಬೀಳುತ್ತಿತ್ತು.

ಒಂದು ದಿನ ನನ್ನ ಪಕ್ಕದ ಪುಟ್ಟ ಕೆಪಾಸಿಟರ್ ಬಿರುಕುಬಿಟ್ಟಿತು. ಅದರ ಆಸರೆಯಿಲ್ಲದೆ ನನಗೆ ನಡುಗುವುದೇ ಕಷ್ಟ. ಯಂತ್ರ ಕೈಕೊಟ್ಟಾಗಲೆಲ್ಲ ಮೇಸ್ತ್ರಿ ಸ್ಪ್ಯಾನರಿನಿಂದ ಬೋರ್ಡಿನ ಪೆಟ್ಟಿಗೆಗೆ ಬಾರಿಸುವನು, ನಾನು ಬೆಚ್ಚಿ ಮತ್ತೆ ಶುರುವಾಗುವೆ. ಅದೇ ರೂಢಿಯಾಯಿತು. ಬಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರನ್ನು ಕಂಡರೆ ನನಗೆ ಇಂದಿಗೂ ಮೈಯುರಿಯುತ್ತದೆ.

ಕೊನೆಗೆ ರಿಪೇರಿಯ ದಾವಲಸಾಬ ಬಂದ. ಅಳತೆಯ ಯಂತ್ರದ ಮುಳ್ಳನ್ನು ನನ್ನ ಕಾಲಿಗೆ ಮುಟ್ಟಿಸಿದ. ಕೆಪಾಸಿಟರ್ ಕೊಡದ ಆಸರೆಯನ್ನು ಆ ಮುಳ್ಳೇ ಕೊಟ್ಟಿತು, ನಾನು ನಡುಗಿದೆ. ಆ ಯಂತ್ರದ ಪರದೆಯ ಮೇಲೆ ಚಂದದ ಅಲೆ ಮೂಡಿತು.

"ಹರಳು ಚಲೋ ಐತಿ. ಕುಂದ್ರವ್ವಾ," ಎಂದು ಕಸ್ತೂರೆವ್ವನಿಗೆ ಹೇಳಿ ಮುಳ್ಳು ತೆಗೆದ.

ಹತ್ತು ಮುಚ್ಚಳದವರೆಗೆ ಹೇಗೋ ತಡೆದೆ. ಮುಂದಿನ ಗುದ್ದಿಗೆ ನಿಂತುಬಿಟ್ಟೆ. ಪ್ರತಿ ಗುದ್ದಿನ ಕೊನೆಗೆ ಗಾಳಿಯ ವಾಲ್ವನ್ನು ಮುಚ್ಚಿ ಪ್ರೆಸ್ಸನ್ನು ತಡೆಯಬೇಕಾದ ಚಿಪ್ ಕಲ್ಲಾಯಿತು, ವಾಲ್ವ್ ತೆರೆದೇ ಉಳಿಯಿತು. ಪ್ರೆಸ್ಸು ಮೇಲೇರಿ, ಯಾರೂ ಗುಂಡಿ ಒತ್ತದೆ ಮತ್ತೆ ಇಳಿಯಿತು. ಕಸ್ತೂರೆವ್ವನ ಬಲಗೈ ಒಳಗಿತ್ತು. ಮೂರು ಬೆರಳು ತಗಡಿಗೆ ಅಂಟಿಕೊಂಡವು. ಆಕೆ ಚೀರಿ ಕೈ ಎಳೆದುಕೊಂಡಳು. ಯಾರೋ ಓಡಿ ಮೇನ್ ಸ್ವಿಚ್ ಆರಿಸುವವರೆಗೂ ಅದು ಆ ಬೆರಳುಗಳನ್ನು ಜಜ್ಜುತ್ತಲೇ ಇತ್ತು. ಆಕೆಗೇ ಲಕ್ಷ್ಯ ಇರಲಿಲ್ಲ ಎಂದು ಮೇಸ್ತ್ರಿ ಎಲ್ಲರಿಗೂ ಹೇಳಿದ.

ದಾವಲಸಾಬ ಮಾತ್ರ ಮುಳ್ಳನ್ನು ಇಟ್ಟು ತೆಗೆದು, ಇಟ್ಟು ತೆಗೆದು, ಮುಳ್ಳಿದ್ದರಷ್ಟೇ ಚಿಪ್ ನಡೆಯುವುದನ್ನು ನೋಡಿ ತನ್ನ ತಪ್ಪನ್ನು ಅರಿತ. ಕೆಪಾಸಿಟರನ್ನೂ ನನ್ನನ್ನೂ ಕಿತ್ತು ಗುಜರಿ ಡಬ್ಬಕ್ಕೆ ಎಸೆದು ಹೊಸದು ಹಾಕಿದ.

ಗಾಯ ಮಾಯ್ದ ಮೇಲೆ ಕಸ್ತೂರೆವ್ವ ಬಂದಳು.

"ನಾಳಿಂದ ಇಲ್ಲಿ ನನ್ನ ತಂಗಿ ಕುಂದ್ರತಾಳ. ರಿಪೇರಿ ಆತೇನು, ದಾವಲಣ್ಣ?"

"ಆತವ್ವಾ."

"ಅವತ್ತೂ ಹಂಗ ಅಂದಿದ್ದಿ. ನಾ ಗುಂಡಿ ಒತ್ತತೇನಿ. ಅದು ಮ್ಯಾಲೆ ಹೋದಕೂಡಲೆ ನೀ ಒಳಗ ಕೈ ಇಡು."

ಒಂದು ಗುಂಡಿಗೆ ಎಡಗೈ, ಇನ್ನೊಂದಕ್ಕೆ ಮೊಂಡುಗೈ. ಗುದ್ದು ಬಿತ್ತು, ಮೇಲೇರಿತು. ದಾವಲಸಾಬ ಕಣ್ಣು ಮುಚ್ಚಿ ಕೈ ಇಟ್ಟ. ಗುಜರಿ ಡಬ್ಬದಲ್ಲಿ ಕರೆಂಟಿಲ್ಲದೆ ಬಿದ್ದಿದ್ದ ನನಗೂ ಆಗ ನಡುಕ ಬಂದಂತಾಯಿತು. ನಾನು ಕೆಟ್ಟ ಹರಳಲ್ಲ, ಆದರೂ ಆಕೆಯ ಕೈ ಒಳಗಿದ್ದಾಗ ನಿಂತವನು ನಾನೇ.

ಪ್ರೆಸ್ಸು ಇಳಿಯಲಿಲ್ಲ. ಅವನು ಬೆವರೊರೆಸಿಕೊಂಡು ಕೈ ತೆಗೆದ.

"ಇನ್ನೊಮ್ಮೆ," ಎಂದಳು ಕಸ್ತೂರೆವ್ವ.