ಸೊಟ್ಟ ಕೀಬೋರ್ಡು, ತೂಕದ ಕೀಬೋರ್ಡು

ಗಣಿಯ ಕೆಂಪು ಧೂಳು ಸಂಡೂರಿನ ಮೇಲೆ ಮುಗಿಬಿದ್ದಿದ್ದ ಆ ವರ್ಷಗಳಲ್ಲಿ ಹೊಡೆದಾಟವಿಲ್ಲದೆ ಬಸ್ ಸ್ಟ್ಯಾಂಡಿನ ಚಹಾ ಕೂಡ ಕುದಿಯುತ್ತಿರಲಿಲ್ಲ. ಅದಿರು ತುಂಬುವ ಪಾಳಿಗಾಗಿ ಲಾರಿಯವರು ಜಾಕ್ ರಾಡು ಹಿಡಿದು ಒಬ್ಬರ ತಲೆಯನ್ನು ಇನ್ನೊಬ್ಬರು ತೆಂಗಿನಕಾಯಿ ಒಡೆದಂತೆ ಒಡೆಯುತ್ತಿದ್ದರು. ಒಡೆದ ತಲೆಗೆ ಆಸ್ಪತ್ರೆಯಲ್ಲಿ ಹೊಲಿಗೆ ಬೀಳುತ್ತಿತ್ತು. ಆಮೇಲೆ ಆ ತಲೆ ಫಿರ್ಯಾದಿ ಬರೆಸಲು ತಾಲ್ಲೂಕು ಕಚೇರಿ ಎದುರಿನ ಗಂಗಾಂಬಿಕಾಳ ಟೈಪಿಂಗ್ ಅಂಗಡಿಗೆ ಬರುತ್ತಿತ್ತು.

ಗಂಗಾಂಬಿಕಾಗೆ ಐವತ್ತಕ್ಕೆ ಒಂದು ಕಡಿಮೆ. ತೀರಿಹೋದ ಗಂಡ ಟೈಪಿಂಗ್ ಮೇಷ್ಟ್ರು. ಬಿಟ್ಟುಹೋದ ಆಸ್ತಿ ಎಂದರೆ ಈ ಅಂಗಡಿ ಮತ್ತು ಅವಳ ಹತ್ತು ಬೆರಳು. ಹಳೇ ಟೈಪ್‌ರೈಟರಿನ ಮೇಲೆ ಕಲಿತ ಬೆರಳುಗಳಾದ್ದರಿಂದ ಕಂಪ್ಯೂಟರ್ ಬಂದ ಮೇಲೂ ಅವಳು ಕುಟ್ಟುವುದನ್ನು ಬಿಟ್ಟಿರಲಿಲ್ಲ. ಅವಳು ಫಿರ್ಯಾದಿಗೆ ಕೈ ಹಚ್ಚಿದರೆ ಪಕ್ಕದ ಅಂಗಡಿಯ ಗೋಡೆಯ ಹಲ್ಲಿ ಕೆಳಗೆ ಬೀಳುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ತಪ್ಪು ಅವಳೊಬ್ಬಳದೇ ಅಲ್ಲ. ಕೀಬೋರ್ಡಿನ ಗುಂಡಿಗಳ ಸಂದಿಯಲ್ಲಿ ಒಂದು ಲಾರಿಗಾಗುವಷ್ಟು ಅದಿರು ಸೇರಿತ್ತು. ಒಂದೊಂದು ಗುಂಡಿಯನ್ನೂ ಮೆಣಸಿನಕಾಯಿ ಕುಟ್ಟಿದಂತೆ ಕುಟ್ಟಬೇಕು. ಬಲಗೈ ಮಣಿಕಟ್ಟು ಬಾತು ಬದನೆಕಾಯಿಯಾಗಿತ್ತು. ಹೊಸಪೇಟೆಯ ಡಾಕ್ಟರು ನೋಡಿ, ಕೀಬೋರ್ಡು ಬದಲಿಸು, ಇಲ್ಲವಾದರೆ ಕೈ ಬದಲಿಸು ಎಂದಿದ್ದರು. ಎರಡರಲ್ಲಿ ಯಾವುದು ಅಗ್ಗ ಎಂದು ಅವಳು ಇನ್ನೂ ಯೋಚಿಸುತ್ತಲೇ ಇದ್ದಳು.

ಅಷ್ಟರಲ್ಲಿ ಎರ್ರೆಮ್ಮ ಬಂದಳು. ಗುಡ್ಡದ ಬುಡದ ಊರಿನವಳು, ಹದಿನೈದು ವರ್ಷ ಗಣಿಯಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದವಳು. ಅವಳ ಒಂದು ತೋಳಿನಲ್ಲಿ ಗಂಗಾಂಬಿಕಾಳಂಥ ಇಬ್ಬರನ್ನು ಕೂರಿಸಬಹುದಿತ್ತು. ಅವಳ ಊರೊಳಗೇ ಲಾರಿಗಳು ಹಗಲೆಲ್ಲ ಓಡುತ್ತಿದ್ದವು. ಗಂಡ ಉಚ್ಚೆಂಗೆಪ್ಪ ಊರ ಜನರನ್ನು ಕರೆದುಕೊಂಡು ರಸ್ತೆಗೆ ಅಡ್ಡ ನಿಂತದ್ದಕ್ಕೆ, ಲಾರಿ ಪಾಳಿಯ ಮುಖಂಡ ಪಾಲಪ್ಪ ಅವನ ಎರಡೂ ಮೊಣಕಾಲು ಚಿಪ್ಪು ಒಡೆದು ಹಾಕಿದ್ದ. ಅಡ್ಡ ಬಂದವರಲ್ಲಿ ನಲವತ್ತು ಜನರಿಗೆ ಏಟು ಬಿದ್ದಿತ್ತು. ಸಾಹೇಬರು ಬರಲಿ ಎಂದರು ಪೊಲೀಸರು. ಮರುದಿನ ಹನ್ನೊಂದಕ್ಕೆ ಬಳ್ಳಾರಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅಷ್ಟರೊಳಗೆ ನಲವತ್ತು ಜನರ ಏಟು ಹನ್ನೊಂದು ಹಾಳೆಯಲ್ಲಿ ಕೂರಬೇಕು. ಆ ಸಾಹೇಬರು ಮತ್ತೆ ಬರುವುದು ಆರು ತಿಂಗಳಿಗೆ.

ಅವಳು ಬಂದ ದಿನವೇ ಬೆಳಿಗ್ಗೆ ಹತ್ತಕ್ಕೆ ಆರು ಹಾಳೆ ಮುಗಿದಿದ್ದವು. ಎರ್ರೆಮ್ಮ ಹೇಳುತ್ತಿದ್ದಳು, ಗಂಗಾಂಬಿಕಾ ಕುಟ್ಟುತ್ತಿದ್ದಳು. ಬಾಗಿಲಲ್ಲಿ ಬೆಳಕು ಹೋಯಿತು. ನೋಡಿದರೆ ಪಾಲಪ್ಪ.

"ಏನ್ ಗಂಗಕ್ಕಾರ, ಭಾಳ ಜೋರು ನಡದೈತಲ್ಲ. ನನ್ನ ಹೆಸರು ಎಷ್ಟು ಸಲ ಬಂತು?"

"ಇಪ್ಪತ್ತೆರಡು ಸಲ. ನಿನ್ನ ಮದುವಿ ಕಾರ್ಡಿನ್ಯಾಗೂ ಇಷ್ಟು ಸಲ ಬಂದಿರಲಿಲ್ಲ."

"ಅಳಿಸಿಬಿಡ್ರಿ."

"ಹೊಡೆಯೋವಾಗ ಕೇಳಿದ್ಯಾ? ಬರಿಯೋವಾಗ ನಾ ಯಾಕ ಕೇಳ್ಲಿ?"

ಪಾಲಪ್ಪ ಅಕ್ಷರ ಕಲಿತವನಲ್ಲ. ಆದರೆ ಅವನಿಗೂ ಕಣ್ಣಿತ್ತು. ಬೆರಳು ಒತ್ತುವುದು ಈ ಕೀಬೋರ್ಡಿನ ಹಲಗೆಯ ಮೇಲೆ, ಅಕ್ಷರ ಕೂತಿರುವುದೂ ಈ ಹಲಗೆಯ ಮೇಲೆ. ಕಂಪ್ಯೂಟರಿನ ಆ ಡಬ್ಬಿ ಟಿವಿಯಿದ್ದಂತೆ, ಬರೀ ತೋರಿಸುತ್ತದೆ. ಟಿವಿ ಒಡೆದರೆ ಸಿನಿಮಾ ಸಾಯುತ್ತದೆಯೇ? ಹಾಗಾಗಿ ಅವನು ಡಬ್ಬಿಯ ಕಡೆ ತಿರುಗಿಯೂ ನೋಡದೆ ಕೀಬೋರ್ಡಿಗೆ ಕೈ ಹಾಕಿದ. ಗಂಗಾಂಬಿಕಾ ಬಿಡಲಿಲ್ಲ. ಅವನು ಅದನ್ನು ಕಿತ್ತು ಮೇಲೆತ್ತಿ, ಮೇಜಿನ ಮೇಲಿದ್ದ ಅವಳ ಎಡಗೈ ಮೇಲೆ ಇಳಿಸಿದ. ಕಿರುಬೆರಳು ಹಸಿ ಕಬ್ಬಿನಂತೆ ಲಟಕ್ಕನೆ ಮುರಿಯಿತು. ಎರಡನೆಯ ಏಟು ಮೇಜಿನ ಅಂಚಿಗೆ ಬಿತ್ತು. ಗುಂಡಿಗಳು ಮಂಡಕ್ಕಿಯಂತೆ ಸಿಡಿದು ಅಂಗಡಿಯೆಲ್ಲ ಚೆಲ್ಲಿದವು. ಎರ್ರೆಮ್ಮ ಎದ್ದು ಬಂದರೆ ಅವಳ ಎದೆಗೆ ಕಾಲಿಟ್ಟು ತಳ್ಳಿದ. ಅವಳ ಹಣೆ ಕಬ್ಬಿಣದ ಕಪಾಟಿಗೆ ಬಡಿದು ರಕ್ತ ಕಣ್ಣಿಗಿಳಿಯಿತು.

ಪಾಲಪ್ಪ ಉಳಿದ ಹಲಗೆಯನ್ನು ಹೊರಗೆ ಒಯ್ದು, ತನ್ನ ಹತ್ತು ಚಕ್ರದ ಲಾರಿಯ ಕೆಳಗಿಟ್ಟ. ಲಾರಿಯನ್ನು ಮುಂದೆ ಹೊಡೆದ, ಹಿಂದೆ ಹೊಡೆದ, ಮತ್ತೆ ಮುಂದೆ ಹೊಡೆದ. ಹಪ್ಪಳವಾದದ್ದನ್ನು ಎತ್ತಿ ಜನಕ್ಕೆಲ್ಲ ತೋರಿಸಿದ.

"ನೋಡ್ರಪ, ಫಿರ್ಯಾದಿ ಸತ್ತೈತಿ," ಎಂದು ಹೇಳಿ ಹೋದ.

ಗಂಗಾಂಬಿಕಾ ನೆಲದ ಮೇಲೆ ಕೂತು ಕಂಪ್ಯೂಟರಿನ ಮುಖ ನೋಡಿದಳು. ಆರು ಹಾಳೆ ಹಾಗೇ ನಿಂತಿದ್ದವು, ಒಂದು ಅಕ್ಷರಕ್ಕೂ ಗಾಯವಿಲ್ಲ. ಬೆರಳಿನ ನೋವಿನಲ್ಲಿಯೇ ಅವಳಿಗೆ ನಗು ಬಂತು. ನಗಲು ಹೋದರೆ ನೋವು ಮೊಣಕೈವರೆಗೆ ಏರಿತು.

"ಎರ್ರೆವ್ವ, ಐಸ್ ಕ್ಯಾಂಡಿ ಕಡ್ಡಿ ತಗೊಂಡ್ ಬಾ. ಈ ಬೆರಳಿಗೆ ಕಟ್ಟು. ಹೊಸಪೇಟಿ ಬಸ್ಸು ಎಷ್ಟೊತ್ತಿಗೈತಿ?"

"ಅಕ್ಕ, ಈ ಕೈಯಾಗ ಇನ್ನ ಐದು ಹಾಳಿ ಹೆಂಗ್ ಬರಿತೀ?"

"ಅದನ್ನ ನೋಡಾಕ ಹೊಂಟೀನಿ. ನನ್ನ ಕೈಗೆ ಒಪ್ಪೋ ಕೀಬೋರ್ಡು ಈ ಭೂಮಿ ಮ್ಯಾಲ ಐತೋ ಇಲ್ಲೋ."

ಲಾರಿಗಳ ಸಾಲಿನಲ್ಲಿ ಬಸ್ಸು ಆಮೆಗಿಂತ ಹಿಂದೆ ಬಿದ್ದು, ಹೊಸಪೇಟೆ ಮುಟ್ಟುವಾಗ ಒಂದೂವರೆ. ಸ್ಟೇಷನ್ ರಸ್ತೆಯ ಹಾಲೇಶನ ಕಂಪ್ಯೂಟರ್ ಅಂಗಡಿಗೆ ಇಬ್ಬರೂ ಹೊಕ್ಕರು. ಒಬ್ಬಳ ಹಣೆಗೆ ಸೆರಗು ಕಟ್ಟಿತ್ತು, ಇನ್ನೊಬ್ಬಳ ಕೈಗೆ ಕ್ಯಾಂಡಿ ಕಡ್ಡಿ. ಹಾಲೇಶ ಎದ್ದು ನಿಂತ.

"ಯಮ್ಮಾರ, ಆಸ್ಪತ್ರಿ ಆ ಕಡೆ ಐತ್ರಿ."

"ಗೊತ್ತೈತಿ ಕುಂದ್ರಪ. ಕೀಬೋರ್ಡು ತೋರ್ಸು. ದಿನಾ ಹತ್ತು ತಾಸು ಬಡಿಯೋಳು ನಾನು."

ಹಾಲೇಶ ಮೊದಲು ದೀಪ ಹತ್ತುವ ಒಂದನ್ನು ಇಟ್ಟ. ಚಪಾತಿಯಂತೆ ತೆಳ್ಳಗಿತ್ತು, ಗುಂಡಿ ಒತ್ತಿದರೆ ಬೆರಳ ತುದಿ ಬಂಡೆಗೆ ಗುದ್ದಿದಂತಾಯಿತು. "ಮದುವಿ ಮಂಟಪಕ್ಕ ಇಡು ಇದನ್ನ," ಎಂದಳು. ಎರಡನೆಯದು ಪುಟ್ಟದು, ಮೊಣಕೈಗಳು ಪಕ್ಕೆಗೆ ಒತ್ತಿಕೊಂಡವು. ಮೂರನೆಯದನ್ನು ಅವನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲೆ ಇಳಿಸಿದಾಗ ಮೇಜೇ ಉಸ್ಸೆಂದಿತು.

"ಇದು ಹಳೇ ಕಾಲದ್ದು ನೋಡ್ರಿ. ಒಳಗ ಕಬ್ಬಿಣದ ತಗಡು ಐತಿ. ತೂಕ ನೋಡ್ರಿ, ತೂಕ."

ಅದಿರು ತೂಗಿ ಮಾರುವ ಆ ಸೀಮೆಯಲ್ಲಿ ಆಗ ತೂಕವೇ ದೇವರು. ಹೆಣ್ಣು ನೋಡಲು ಹೋದವರೂ ತೂಕ ಕೇಳಿ ಬರುತ್ತಿದ್ದರು. ಗಂಗಾಂಬಿಕಾ ಕಣ್ಣು ಮುಚ್ಚಿ ಅದರ ಮೇಲೆ ಬೆರಳಿಟ್ಟಳು. ಗುಂಡಿ ಕೆಳಗೆ ಹೋಗುವುದು, ಮೇಲೆ ಬರುವುದು ಚೆನ್ನಾಗಿತ್ತು. ಆದರೆ ಹಲಗೆ ಎತ್ತರ, ಮಣಿಕಟ್ಟು ಹಿಂದಕ್ಕೆ ಮಡಚಿತು. ನಾಲ್ಕು ಸಾಲಿಗೆ ಬದನೆಕಾಯಿ ಮಿಡಿಯತೊಡಗಿತು. ಅವಳು ಕೈ ತೆಗೆದಳು.

"ಅದೇನದು, ಆ ಮೂಲ್ಯಾಗಿನ ಡಬ್ಬಿ?"

"ಅದು ಬ್ಯಾಡ್ರಿ. ಡ್ಯಾಮೇಜ್ ಪೀಸು. ಲಾರ್‍ಯಾಗ ಬರೋವಾಗ ಬಗ್ಗೈತಿ. ಮೂರು ಸಲ ವಾಪಸ್ ಕಳ್ಸೀನಿ, ಇದು ಇರೋದೇ ಹಿಂಗ ಅಂತ ಕಂಪನಿಯೋರು ತಿರುಗಿ ಕಳಸ್ತಾರ. ಎರಡು ವರ್ಷ ಆತು, ಮುಟ್ಟಿದವರಿಲ್ಲ."

ಅವಳು ತೆಗೆಸಿದಳು. ಹಲಗೆ ನಡುವಿನಲ್ಲಿ ಉಬ್ಬಿತ್ತು. ಗುಂಡಿಗಳು ಎರಡು ಪಾಲಾಗಿ, ಮುನಿಸಿಕೊಂಡ ವಾರಗಿತ್ತಿಯರಂತೆ ಒಂದು ಈ ಕಡೆ, ಒಂದು ಆ ಕಡೆ ತಿರುಗಿದ್ದವು. ಮುಂದೆ ಅಂಗೈ ಊರಲು ಮೆತ್ತನೆಯ ಕಟ್ಟೆ. ಗಂಗಾಂಬಿಕಾ ಕೈ ಇಟ್ಟಳು. ಮೊರ ಹಿಡಿದಾಗ ಕೈಗಳು ಹೇಗೆ ನಿಲ್ಲುತ್ತವೋ ಹಾಗೇ ನಿಂತವು. ಮಣಿಕಟ್ಟು ನೆಟ್ಟಗಾಯಿತು, ಭುಜ ತಾನಾಗಿ ಇಳಿಯಿತು. ಕಣ್ಣು ಮುಚ್ಚಿ, 'ಕೆಳಗೆ ಸಹಿ ಮಾಡಿರುವ ಅರ್ಜಿದಾರಳಾದ ನಾನು' ಎಂದು ಶುರುಮಾಡಿ, ಉಚ್ಚೆಂಗೆಪ್ಪನ ಮೊಣಕಾಲಿನವರೆಗೆ ಹೋದಳು. ಒಂಬತ್ತು ಬೆರಳೂ ಬೆಣ್ಣೆಯ ಮೇಲೆ ನಡೆದವು. ಸದ್ದೇ ಇಲ್ಲ. ಮೂವತ್ತು ವರ್ಷ ಕುಟ್ಟಿದವಳಿಗೆ, ಕುಟ್ಟದೆಯೂ ಬರೆಯಬಹುದು ಎನ್ನುವುದು ಆ ಹೊತ್ತು ತಿಳಿಯಿತು.

"ಸೊಟ್ಟ ಇರೋದು ಇದಲ್ಲಪ, ಇಷ್ಟು ದಿನ ಸೊಟ್ಟ ಇದ್ದದ್ದು ನಾನು. ಕಟ್ಟು."

ಎರ್ರೆಮ್ಮ ಇನ್ನೊಂದು ಕಡೆ ನಿಂತು ಆ ತೂಕದ ಕೀಬೋರ್ಡನ್ನು ಎತ್ತಿ ನೋಡುತ್ತಿದ್ದಳು. ಉದ್ದಕ್ಕೆ ಹಿಡಿದಳು, ಅಡ್ಡಕ್ಕೆ ಹಿಡಿದಳು. ತುದಿ ಹಿಡಿದು ಭುಜದ ಮೇಲಿಂದ ಒಂದು ಸಲ ಬೀಸಿದಳು. ಹಾಲೇಶನ ಫ್ಯಾನು ನಿಂತಿದ್ದರೂ ಕ್ಯಾಲೆಂಡರ್ ಹಾರಿತು.

"ಇದು ನನಗ ಬೇಕು. ಹಿಡಿಯಾಕ ಭಾಳ ಅನುಕೂಲ ಐತಿ."

"ನಿನ್ನ ಹತ್ರ ಕಂಪ್ಯೂಟರ್ ಇಲ್ಲಲ್ಲ ಯಕ್ಕ, ನಿನಗ್ಯಾಕ?" ಎಂದ ಹಾಲೇಶ.

"ಅಕ್ಕ ಬರೀತಾಳ. ನಾ ಬಾಗಲದಾಗ ಕುಂದುರ್ತೀನಿ."

ಹಾಲೇಶ ಅವಳ ಹಣೆಯ ರಕ್ತ ನೋಡಿದ, ಗಂಗಾಂಬಿಕಾಳ ಕಡ್ಡಿ ನೋಡಿದ. ಗುಜರಿಗೆ ಹೋಗುವುದನ್ನು ಸುಮ್ಮನೆ ಒಯ್ಯಿರಿ ಎಂದ.

ಸಂಡೂರಿಗೆ ಬರುವಾಗ ನಾಲ್ಕು. ಅಂಗಡಿಯ ಶಟರನ್ನು ಮೊಣಕಾಲೆತ್ತರಕ್ಕೆ ಇಳಿಸಿ ಗಂಗಾಂಬಿಕಾ ಕೂತಳು. ಹೊರಗೆ ಪಾಲಪ್ಪ ಎದುರಿನ ಚಹಾದಂಗಡಿಯಲ್ಲಿಯೇ ಇದ್ದ. ಎರಡು ಸಲ ಬಂದು ಶಟರಿಗೆ ಕಿವಿಗೊಟ್ಟು ಹೋದ. ಒಳಗಿನಿಂದ ಒಂದು ಟಕ್ ಕೂಡ ಬರಲಿಲ್ಲ. ಊರಿಗೇ ಗೊತ್ತಿದ್ದ ಸದ್ದು ಇಲ್ಲವೆಂದರೆ ಬರವಣಿಗೆ ಇಲ್ಲ ಎಂದುಕೊಂಡು ಇನ್ನೊಂದು ಚಹಾ ಹೇಳಿದ. ಒಳಗೆ ಏಳನೆಯ ಹಾಳೆ ಮುಗಿಯಿತು, ಎಂಟು, ಒಂಬತ್ತು. ಹಲ್ಲು ಹೋದವರು, ಪಕ್ಕೆ ಮುರಿದವರು, ಕಿವಿ ಹರಿದವರು ಹಿಂಬಾಗಿಲಿನಿಂದ ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಸಾಲಾಗಿ ಕೂತು ತಮ್ಮ ಏಟು ಬರೆಸಿ ಹಾಗೇ ಹೋದರು. ಐದೂವರೆಗೆ ಹನ್ನೊಂದೂ ಮುಗಿದವು.

ಇನ್ನು ಉಳಿದದ್ದು ಪ್ರಿಂಟರ್. ಅದು ಹಳೆಯ ಸೂಜಿಯ ಪ್ರಿಂಟರ್. ಚಾಲೂ ಮಾಡಿದರೆ ಹಂದಿಯ ಬಾಲಕ್ಕೆ ಬೆಂಕಿ ಇಟ್ಟಂತೆ ಕಿರುಚುತ್ತದೆ. ಬೇರೆ ದಾರಿ ಇರಲಿಲ್ಲ. ಗಂಗಾಂಬಿಕಾ ಗುಂಡಿ ಒತ್ತಿದಳು.

ಎರಡನೆಯ ಹಾಳೆ ಹೊರಬರುವಷ್ಟರಲ್ಲಿ ಶಟರ್ ಮೇಲೆ ಹಾರಿತು. ಪಾಲಪ್ಪನ ಕೈಯಲ್ಲಿ ಜಾಕ್ ರಾಡು.

"ಇನ್ನೊಂದು ತಂದೀರೇನು?"

ಹಾಳೆಗಳು ಅವನ ಮೊಣಕಾಲ ಹತ್ತಿರವೇ ಒಂದೊಂದಾಗಿ ಬೀಳುತ್ತಿದ್ದವು. ಅವುಗಳನ್ನು ದಾಟಿಕೊಂಡು ಅವನು ನೇರವಾಗಿ ಸೊಟ್ಟ ಕೀಬೋರ್ಡಿಗೆ ಹೋದ. ಅಕ್ಷರಗಳೆಲ್ಲ ಅಲ್ಲೇ ಇವೆಯಲ್ಲ. ಗಂಗಾಂಬಿಕಾ ಅದನ್ನು ಕೂಸಿನಂತೆ ಹೊಟ್ಟೆಗೆ ಒತ್ತಿಕೊಂಡು ಬೆನ್ನು ತಿರುಗಿಸಿದಳು. ರಾಡು ಅವಳ ಭುಜಕ್ಕೆ ಬಿತ್ತು. ಕಣ್ಣಿಗೆ ಕತ್ತಲೆ ಬಂದರೂ ಕೈ ಸಡಿಲಲಿಲ್ಲ. ಈ ಮಣಿಕಟ್ಟಿಗೆ ಒಪ್ಪಿದ್ದು ಲೋಕದಲ್ಲಿ ಇದೊಂದೇ ಎನ್ನುವುದು ಅವಳಿಗೆ ಗೊತ್ತಿತ್ತು.

ರಾಡು ಎರಡನೆಯ ಸಲ ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಬಾಗಿಲ ಮರೆಯಲ್ಲಿದ್ದ ಎರ್ರೆಮ್ಮ ತೂಕದ ಕೀಬೋರ್ಡನ್ನು ಅದಿರಿನ ಗುಂಡಿನ ಮೇಲೆ ಸುತ್ತಿಗೆ ಇಳಿಸುವಂತೆ ಅವನ ಮೊಣಕೈ ಮೇಲೆ ಇಳಿಸಿದ್ದಳು. ರಾಡು ನೆಲಕ್ಕೆ ಬಿತ್ತು. ಅವನು ತಿರುಗಿದ. ಎರಡನೆಯದು ದವಡೆಗೆ. ಎರಡು ಹಲ್ಲು ಕಕ್ಕಿದ.

"ಇದು ನನ್ನ ಹಣಿಗೆ. ಇನ್ನ ಮೊಣಕಾಲಿಂದು ಬಾಕಿ ಐತಿ," ಎಂದಳು ಎರ್ರೆಮ್ಮ, ಉಸಿರು ಕೂಡ ಏರಿರಲಿಲ್ಲ. ಬಲಗಾಲ ಚಿಪ್ಪಿಗೆ ಒಂದು. ಅವನು ಬಿದ್ದ. ಎಡಗಾಲ ಚಿಪ್ಪಿಗೆ ಇನ್ನೊಂದು. ಅದಿರು ಒಡೆದಾಗ ಬರುವ ಸದ್ದೇ ಬಂತು. ಪಾಲಪ್ಪನ ಕಿರುಚಾಟವೂ ಪ್ರಿಂಟರಿನ ಕಿರುಚಾಟವೂ ಕೂಡಿ, ಹೊರಗಿನ ಜನಕ್ಕೆ ಯಾವುದು ಯಾವುದೆಂದು ತಿಳಿಯಲಿಲ್ಲ. ಅವಳು ಮತ್ತೆ ಎತ್ತಿದಳು, ಈ ಸಲ ತಲೆಯ ನೇರಕ್ಕೆ.

"ಎರ್ರೆವ್ವ," ಎಂದಳು ಗಂಗಾಂಬಿಕಾ ಗೋಡೆಗೆ ಒರಗಿಕೊಂಡೇ. "ಸಾಕು. ಅದನ್ನೂ ನಾನ ಟೈಪ್ ಮಾಡಬೇಕಾಗತೈತಿ."

ಎರ್ರೆಮ್ಮ ಅದನ್ನು ಕೆಳಗಿಟ್ಟಳು. ಹನ್ನೊಂದನೆಯ ಹಾಳೆ ಬಂದು ಬಿತ್ತು. ಅದರ ಮೂಲೆಗೆ ರಕ್ತ ತಾಗಿತ್ತು. ಗಂಗಾಂಬಿಕಾ ಅದೊಂದನ್ನು ಮತ್ತೆ ಪ್ರಿಂಟ್ ತೆಗೆದಳು.

ಮರುದಿನ ಹನ್ನೊಂದಕ್ಕೆ ನಲವತ್ತು ಜನ ಕುಂಟುತ್ತ ಹೋಗಿ ಸಾಹೇಬರ ಕೈಗೆ ಹಾಳೆ ಕೊಟ್ಟರು. ವಾರದೊಳಗೆ ಲಾರಿಗಳು ಗುಡ್ಡದ ಹಿಂದಿನ ದಾರಿ ಹಿಡಿದವು. ಪಾಲಪ್ಪನ ಮೇಲೆ ಕೇಸೂ ಬಿತ್ತು.

ಎರಡು ತಿಂಗಳಾದ ಮೇಲೆ ಅವನೇ ಊರುಗೋಲಿನ ಮೇಲೆ ಅಂಗಡಿಗೆ ಬಂದ. ಎಲ್ಲಾ ಕಡೆ ತಿರುಗಿ, ಬೇರೆ ಯಾರೂ ಬರೆದುಕೊಡದೆ ಬಂದಿದ್ದ. ಎರ್ರೆಮ್ಮನ ಮೇಲೆ ಫಿರ್ಯಾದಿ ಆಗಬೇಕಂತೆ. ಗಂಗಾಂಬಿಕಾ ಕುರ್ಚಿ ತೋರಿಸಿದಳು, ಸೊಟ್ಟ ಕೀಬೋರ್ಡಿನ ಮೇಲೆ ಕೈ ಇಟ್ಟಳು. ಕಿರುಬೆರಳು ಸೊಟ್ಟಗೇ ಕೂಡಿಕೊಂಡಿತ್ತು. ಸೊಟ್ಟ ಹಲಗೆಗೆ ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು.

"ಹೇಳಪ. ಯಾರು ಹೊಡೆದ್ರು?"

"ಎರ್ರೆಮ್ಮ."

"ಯಾತ್ರಿಂದ ಹೊಡೆದ್ಲು?"

ಪಾಲಪ್ಪ ಬಾಗಿಲ ಕಡೆ ನೋಡಿದ. ಹೊರಗೆ ಲಾರಿಯವರು ನಾಲ್ಕು ಜನ ಚಹಾ ಕುಡಿಯುತ್ತ ಇತ್ತಲೇ ಕಿವಿ ಇಟ್ಟಿದ್ದರು.

"ಜಾಕ್ ರಾಡ್ ಅಂತ ಬರೀರಿ."

"ರಾಡು ನಿನ್ನ ಕೈಯಾಗಿತ್ತು. ಸುಳ್ಳು ಬರೆಯಾಂಗಿಲ್ಲ ನಾನು. ಬರೀಲೇನು, ಹೆಂಗಸು ಕೀಬೋರ್ಡಿಂದ ಹೊಡೆದು ಕೆಡವಿದ್ಲು ಅಂತ? ಪೊಲೀಸ್ ಸ್ಟೇಷನ್‌ನಾಗ ಗಟ್ಟಿಯಾಗಿ ಓದ್ತಾರ ನೋಡು. ಎಲ್ಲರ ಮುಂದ."

ಅವನು ಊರುಗೋಲು ತೆಗೆದುಕೊಂಡ.

"ನೀರು ಕೊಡ್ರಿ, ಗಂಗಕ್ಕಾರ," ಎಂದ. ಕುಡಿದು ಹೋದ.